ಮುಚ್ಚಿದ ಮೇಲೆ ಕಾಣದ ಕೆಲಸ

*ಇಂದಿನ ಧಮ್ಮ ಚಿಂತನೆ*



ಪಂಚಶೀಲದ ನಾಲ್ಕನೆಯ ಶೀಲ ಸುಳ್ಳಿನಿಂದ ದೂರವಿರುವುದು. ಬಾಯಿ ಬಿಟ್ಟು ಹೇಳುವ ಸುಳ್ಳು ಯಾವುದೆಂದು ಎಲ್ಲರಿಗೂ ಗೊತ್ತು. ಆದರೆ ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಸುಳ್ಳೇ? ದೋಷವನ್ನು ಕಣ್ಣಾರೆ ಕಂಡು, ಅದರ ಮೇಲೆ ಮುಚ್ಚಳ ಕೂಡಿಸಿ ಬೋಲ್ಟ್ ಬಿಗಿದರೆ? ನನ್ನದು ಬೆಂಗಳೂರಿನಲ್ಲಿ ಗ್ಯಾರೇಜ್ ಕೆಲಸ. ಆದ್ದರಿಂದ ಈ ಪ್ರಶ್ನೆಯನ್ನು ಒಂದು ಹಳೆಯ ಕಾರಿನ ಕ್ಲಚ್ ಮೂಲಕವೇ ನಿಮ್ಮ ಮುಂದಿಡುತ್ತೇನೆ.

ಕಾರಿನ ಹೆಸರು ಎಂಜಿಬಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ನೋಡಲು ಚೆಂದ, ಓಡಿಸಲು ಚೆಂದ, ಕ್ಲಚ್ ಬದಲಾಯಿಸಲು ಮಾತ್ರ ಹಿಂಸೆ. ಬಹಳಷ್ಟು ಕಾರುಗಳಲ್ಲಿ ಗೇರ್‌ಬಾಕ್ಸನ್ನು ಕೆಳಗಿನಿಂದ ಇಳಿಸಿದರೆ ಕ್ಲಚ್ ಕೈಗೆ ಸಿಗುತ್ತದೆ. ನಮ್ಮ ದೇಶದಲ್ಲೇ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಗೇರ್‌ಬಾಕ್ಸನ್ನು ಕಾರಿನ ಒಳಗಿನಿಂದಲೇ ಎತ್ತಬಹುದಿತ್ತು. ಎಂಜಿಬಿಯಲ್ಲಿ ಎರಡೂ ಆಗುವುದಿಲ್ಲ. ಗೇರ್‌ಬಾಕ್ಸ್ ಕೂರುವ ಸುರಂಗ ಬಾಡಿಯ ಭಾಗವೇ ಆಗಿದೆ. ಹಾಗಾಗಿ ಬಾನೆಟ್, ರೇಡಿಯೇಟರ್ ಎಲ್ಲ ಬಿಚ್ಚಿ, ಚೈನ್ ಬ್ಲಾಕ್ ಹಾಕಿ ಎಂಜಿನ್ನನ್ನೇ ಮೇಲೆತ್ತಬೇಕು. ಕೈಯಗಲದ ಒಂದು ಪ್ಲೇಟಿಗಾಗಿ ಇಬ್ಬರಿಗೆ ಎರಡು ದಿನದ ದುಡಿಮೆ.

ಇಂಥ ಕೆಲಸದಲ್ಲಿ ಮೊದಲ ಪರೀಕ್ಷೆ ಎಂಜಿನ್ ಎತ್ತುವ ಮುಂಚೆಯೇ ಬರುತ್ತದೆ. ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದು ಗಿರಾಕಿ ಬರುತ್ತಾರೆ. ಕಾರಣ ಕ್ಲಚ್ಚೇ ಆಗಿರಬೇಕಿಲ್ಲ. ಪೆಡಲ್ಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ಕಿರುಬೆರಳಿಗಿಂತ ಸಣ್ಣ ಪಿನ್ನೊಂದಿದೆ. ಅದು ಸವೆದು, ಅದರ ತೂತು ಮೊಟ್ಟೆಯಾಕಾರವಾದರೆ, ಕಾಲು ಒತ್ತಿದ್ದರಲ್ಲಿ ಒಂದಷ್ಟು ಅಲ್ಲೇ ಕಳೆದುಹೋಗುತ್ತದೆ. ಕೆಳಗಿನ ಸ್ಲೇವ್ ಸಿಲಿಂಡರ್ ಸೋರಿದರೂ ಲಕ್ಷಣ ಅದೇ. ದುಃಖ ಕಂಡ ಕೂಡಲೇ ಪರಿಹಾರಕ್ಕೆ ಕೈ ಹಾಕದೆ ಮೊದಲು ಅದರ ಕಾರಣ ಹುಡುಕಬೇಕೆಂದು ಬುದ್ಧ ಗುರು ಕಲಿಸಿದ್ದು ನಮಗೆ ಗೊತ್ತು. ಗ್ಯಾರೇಜಿನಲ್ಲಿ ಕಾರಣ ಹುಡುಕಿದರೆ ಬಿಲ್ಲು ಚಿಕ್ಕದಾಗುತ್ತದೆ, ಹುಡುಕದಿದ್ದರೆ ದೊಡ್ಡದಾಗುತ್ತದೆ. ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಕೊಡದೇ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೆಯ ಶೀಲ ಇಲ್ಲಿ ನೇರವಾಗಿಯೇ ಎದುರು ನಿಲ್ಲುತ್ತದೆ.

ಈಗ ಕಷ್ಟದ ಭಾಗ. 1967ರ ಒಂದು ಎಂಜಿಬಿ ನಮ್ಮಲ್ಲಿಗೆ ಬಂತು. ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಕಾರು ಮುಂದೆ ಹೋಗುತ್ತಿರಲಿಲ್ಲ. ಕ್ಲಚ್ ಜಾರುತ್ತಿರುವುದು ಖಚಿತ. ಎಂಜಿನ್ ಎತ್ತಿ ನೋಡಿದರೆ ಪ್ಲೇಟು ಎಣ್ಣೆಯಲ್ಲಿ ನೆಂದಿತ್ತು. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲು ಜಿನುಗುತ್ತಿತ್ತು. ಅಂದರೆ ಪ್ಲೇಟು ಹಾಳಾದದ್ದು ಫಲ, ಸೀಲು ಕಾರಣ. ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ಮಾಲೀಕರು ಮೊದಲೇ ತರಿಸಿಟ್ಟಿದ್ದರು. ಸೀಲು ತರಿಸಿರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಇಂಗ್ಲೆಂಡಿನಿಂದ ಬರಬೇಕು, ಮೂರು ವಾರ ಕಾಯಬೇಕು.

ಮಾಲೀಕರು ಕಾರು ಮಾರುವವರಿದ್ದರು. ಕೊಳ್ಳುವವರು ಭಾನುವಾರ ಬರುತ್ತಿದ್ದರು. “ಮುಚ್ಚಿ ಕೂಡಿಸಿಬಿಡಿ ಮೇಸ್ತ್ರಿ, ಹೊಸ ಪ್ಲೇಟಿಗೆ ಎರಡು ಮೂರು ತಿಂಗಳು ಏನೂ ಆಗಲ್ಲ” ಎಂದರು. ಅವರು ಹೇಳಿದ್ದು ನಿಜ. ಎಣ್ಣೆ ಮೆಲ್ಲಗೆ ಜಿನುಗುತ್ತದೆ. ಜಾರಲು ಶುರುವಾಗುವಾಗ ಕಾರು ಬೇರೆಯವರ ಮನೆಯಲ್ಲಿರುತ್ತದೆ.

ನಾನು ಅವರು ಹೇಳಿದಂತೆ ಕೂಡಿಸಿದೆ. ಬಿಲ್ಲಿನಲ್ಲಿ ಮಾತ್ರ ಒಂದು ಸಾಲು ಸೇರಿಸಿದೆ: ಹಿಂಬದಿ ಆಯಿಲ್ ಸೀಲು ಸೋರುತ್ತಿದೆ, ಮಾಲೀಕರ ಸೂಚನೆಯಂತೆ ಬದಲಾಯಿಸಿಲ್ಲ. ಆ ಸಾಲಿಲ್ಲದ ಬೇರೆ ಬಿಲ್ಲು ಕೇಳಿದರು. ಕೊಡಲಿಲ್ಲ. ಅವರ ಬಳಿ ಇನ್ನೂ ಎರಡು ಹಳೆಯ ಕಾರುಗಳಿದ್ದವು. ಅವು ಮತ್ತೆ ನಮ್ಮ ಗ್ಯಾರೇಜಿಗೆ ಬರಲಿಲ್ಲ.

ಅಂದು ಸಂಜೆ ಕೆಲಸದ ಹುಡುಗ ಕೇಳಿದ: “ಅಣ್ಣ, ಅವರ ಗಾಡಿ, ಅವರ ದುಡ್ಡು. ನಮಗ್ಯಾಕೆ?” ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದರಲ್ಲಿ ಮೂರು ವಾದಗಳಿವೆ.

*ಒಂದು:* ವಸ್ತು ಅವರದು, ತೀರ್ಮಾನವೂ ಅವರದು. ಇದನ್ನು ಒಪ್ಪುತ್ತೇನೆ, ಅದಕ್ಕೇ ಅವರು ಹೇಳಿದಂತೆ ಕೂಡಿಸಿದೆ. ಆದರೆ ಕಾರು ಅವರದಾದರೂ ಬಿಲ್ಲಿನ ಕೆಳಗಿನ ಸಹಿ ನನ್ನದು. “ಕ್ಲಚ್ ಕೆಲಸ ಪೂರ್ಣ” ಎಂದಷ್ಟೇ ಬರೆದರೆ ಓದುವವರು ಒಳಗೆಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಅವರು ಹಾಗೆ ತಿಳಿಯಲಿ ಎಂದೇ ನಾನು ಸುಮ್ಮನಿದ್ದರೆ ಆ ಮೌನ ಸುಳ್ಳಿನ ಕೆಲಸ ಮಾಡುತ್ತದೆ. ಹಾಗೆಂದು ಕೊಳ್ಳುವವರ ಮನೆ ಹುಡುಕಿಕೊಂಡು ಹೋಗಿ ದೂರು ಹೇಳುವುದು ನನ್ನ ಕೆಲಸ ಎಂದೂ ಅನ್ನಿಸುವುದಿಲ್ಲ. ಅವರೇ ಕೇಳಿದರೆ ಇದ್ದದ್ದು ಹೇಳುತ್ತೇನೆ. ಬಿಲ್ಲನ್ನು ತೋರಿಸುವುದು, ಬಿಡುವುದು ಮಾರುವವರ ಶೀಲಕ್ಕೆ ಬಿಟ್ಟದ್ದು.

*ಎರಡು:* ಮಾರುವವರೂ ಶ್ರೀಮಂತರು, ಕೊಳ್ಳುವವರೂ ಶ್ರೀಮಂತರು, ಅವರವರ ಆಟದ ಸಾಮಾನು. ಬಡವನಿಗೆ ಇದರಲ್ಲಿ ಯಾವ ಚಿಂತೆ? ನಮ್ಮ ಜನಕ್ಕೆ ಈ ಮಾತು ಹಿಡಿಸುವುದು ಸಹಜ. ಆದರೆ ಎದುರಿಗಿರುವವರ ಜೇಬು ನೋಡಿ ಶೀಲ ಪಾಲಿಸಿದರೆ ಅದು ಶೀಲವಲ್ಲ, ಲೆಕ್ಕಾಚಾರ. ಇನ್ನೊಂದು ವಿಷಯ: ಮೂರು ತಿಂಗಳ ನಂತರ ಆ ಎಂಜಿನ್ನನ್ನು ಮತ್ತೆ ಎತ್ತುವವರು ಯಾರು? ಶ್ರೀಮಂತರಲ್ಲ. ನಮ್ಮಂಥದೇ ಇನ್ನೊಬ್ಬ ಮೇಸ್ತ್ರಿ, ಅವನ ಹುಡುಗ. ಕಾರಣ ಗೊತ್ತಿಲ್ಲದೆ ಬೈಗುಳ ತಿನ್ನುವವರೂ ಅವರೇ. ಆ ಒಂದು ಸಾಲು ಅವರಿಗೂ ಬರೆದದ್ದು.

*ಮೂರು:* ಸತ್ಯ ಹೇಳಿ ಹೊಟ್ಟೆ ತುಂಬುತ್ತದೆಯೇ? ಈ ಮೂರರಲ್ಲಿ ಇದೇ ಗಟ್ಟಿ ವಾದ. ಗ್ಯಾರೇಜ್ ನನ್ನದು, ಹಾಗಾಗಿ ಎರಡು ಗಾಡಿ ಕಳೆದುಕೊಂಡರೂ ತಡೆದುಕೊಂಡೆ. ಇನ್ನೊಬ್ಬರ ಕೈಕೆಳಗೆ ದಿನಗೂಲಿಗೆ ದುಡಿಯುವವನು ಹೀಗೆ ಬರೆದರೆ ಮರುದಿನ ಅವನಿಗೆ ಕೆಲಸವಿರುವುದಿಲ್ಲ. ಅವನ ಮೌನವನ್ನೂ ಯಜಮಾನನ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಯಾರ ಕೈಯಲ್ಲಿ ಎಷ್ಟು ಅಧಿಕಾರವಿದೆಯೋ ಅಷ್ಟು ಹೊಣೆ. ಹೊಣೆಯ ಪಾಠವನ್ನು ಸದಾ ಕೆಳಗಿನವರಿಗೇ ಹೇಳುವ ಅಭ್ಯಾಸ ನಮ್ಮ ಸಮಾಜದ್ದು, ಅದನ್ನು ನಾವು ಮುಂದುವರಿಸಬಾರದು.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ‘ನಿನ್ನ ಕೆಲಸ ನಿಷ್ಠೆಯಿಂದ ಮಾಡು’ ಎಂಬ ಮಾತನ್ನು ನಮ್ಮ ಹಿರಿಯರು ಬಹಳ ಕೇಳಿದ್ದಾರೆ. ಹುಟ್ಟಿನಿಂದ ಹೇರಿದ ಕೆಲಸವನ್ನು ಬಾಯಿ ಮುಚ್ಚಿಕೊಂಡು ಮಾಡಿಸಲು ಬಳಸಿದ ಮಾತದು. 1936ರ ‘ಜಾತಿ ವಿನಾಶ’ದಲ್ಲಿ ಬಾಬಾಸಾಹೇಬರು ಇದರ ಬೇರನ್ನೇ ತೋರಿಸಿದರು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಮೇಲು ಕೀಳೆಂದು ಒಡೆಯುತ್ತದೆ. ಆಯ್ಕೆಯಿಲ್ಲದ ಕೆಲಸದಲ್ಲಿ ಮನುಷ್ಯನ ಮನಸ್ಸು ನಿಲ್ಲುವುದಿಲ್ಲ ಎಂದರು. ಹಾಗಾದರೆ ನಾನು ಹೇಳುತ್ತಿರುವ ನಿಷ್ಠೆ ಅದೇ ಹಳೆಯದಲ್ಲವೇ? ಅಲ್ಲ. ಆ ನಿಷ್ಠೆ ಯಜಮಾನನ ಮಾತಿಗೆ ತಲೆಬಾಗುವುದು. ಈ ನಿಷ್ಠೆ ಯಜಮಾನ ಬೇಡವೆಂದರೂ ಒಂದು ಸಾಲು ಬರೆಯುವುದು. ಎಣ್ಣೆ ಮೆತ್ತಿದ ಕೈಯೂ ನ್ಯಾಯ ಅನ್ಯಾಯ ತೂಗಬಲ್ಲದು ಎನ್ನುವುದು.

ಅಷ್ಟಾಂಗ ಮಾರ್ಗದ ಐದನೆಯದು ಸಮ್ಯಕ್ ಆಜೀವ. ಶಸ್ತ್ರ, ಜೀವಿ, ಮಾಂಸ, ಮದ್ಯ, ವಿಷ ಈ ಐದರ ವ್ಯಾಪಾರ ಬೇಡವೆಂದು ಬುದ್ಧ ಗುರು ಗೃಹಸ್ಥರಿಗೆ ಹೇಳಿದರು. ಕಾರು ರಿಪೇರಿ ಆ ಪಟ್ಟಿಯಲ್ಲಿಲ್ಲ. ಆದರೆ ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಯಾವ ಕಸುಬೂ ತಾನಾಗಿ ಸಮ್ಯಕ್ ಆಗುವುದಿಲ್ಲ. ಅದನ್ನು ಹೇಗೆ ಮಾಡುತ್ತೇವೆ ಎಂಬುದು ದಿನದಿನದ ಪ್ರಶ್ನೆ.

‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಧಮ್ಮವನ್ನು ಮನುಷ್ಯ ಮನುಷ್ಯರ ನಡುವಿನ ಸಂಬಂಧವಾಗಿ ವಿವರಿಸುತ್ತಾರೆ. ಒಂಟಿಯಾಗಿರುವವನಿಗೆ ಅದರ ಅಗತ್ಯವಿಲ್ಲ, ಇಬ್ಬರು ಸೇರಿದಲ್ಲಿ ಅದು ಬೇಕೇ ಬೇಕು. ಮುಚ್ಚಿದ ಬೆಲ್ ಹೌಸಿಂಗ್ ಒಳಗೆ ಯಾರೂ ಇಲ್ಲವೆಂದು ಕಾಣುತ್ತದೆ. ಆದರೆ ಅಲ್ಲಿ ಮಾರುವವರಿದ್ದಾರೆ, ಕೊಳ್ಳುವವರಿದ್ದಾರೆ, ಮುಂದಿನ ಮೇಸ್ತ್ರಿಯಿದ್ದಾನೆ. ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನೋಡುತ್ತಾ ಕಸುಬು ಕಲಿಯುವ ಹುಡುಗನೂ ಇದ್ದಾನೆ. ದೇವರು ನೋಡುತ್ತಾನೆ ಎಂಬ ಭಯ ನಮಗೆ ಬೇಕಿಲ್ಲ. ಇಷ್ಟು ಜನ ಇದ್ದಾರೆಂಬ ಅರಿವು ಸಾಕು.

ಇಂದು ನಿಮ್ಮ ಕೆಲಸದಲ್ಲಿ ಯಾರೂ ತೆರೆದು ನೋಡದ ಜಾಗ ಯಾವುದು? ಗೋಡೆಯೊಳಗಿನ ವೈರಿಂಗ್ ಇರಬಹುದು, ಕಚೇರಿಯ ಕಡತ ಇರಬಹುದು, ಶಾಲೆಯ ಅಂಕಪಟ್ಟಿ ಇರಬಹುದು. ಅದರಲ್ಲಿ ಬೇರೆ ಯಾರ್ಯಾರು ಇದ್ದಾರೆ? ಯೋಚಿಸಿ, ಭಾನುವಾರದ ಅಧ್ಯಯನದಲ್ಲಿ ಮಾತಾಡೋಣ.

ಭವತು ಸಬ್ಬ ಮಂಗಲಂ
ಜೈ ಭೀಮ್ 🙏