ರೋಗಿಯೂ ಗುರುವೇ

ಗಂಗಾವಳಿ ನದಿ ಸಮುದ್ರವನ್ನು ಸೇರುವೆಡೆಯಲ್ಲಿರುವ ಮಂಜಗುಣಿಯಂತಹ ಊರಿನಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿದರೆ, ಅಂಕೋಲೆಯನ್ನು ದಾಟಿ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದುಂಟು. ಅದು 2013ರಲ್ಲಿ ಆರಂಭವಾದ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆಯೂ ಹೌದು. ಆದ್ದರಿಂದ ರೋಗಿಯ ಹಾಸಿಗೆಯ ಸುತ್ತ ವೈದ್ಯರೊಡನೆ ವಿದ್ಯಾರ್ಥಿಗಳೂ ನೆರೆಯುತ್ತಾರೆ. ಒಬ್ಬನು ನಾಡಿ ಹಿಡಿಯುತ್ತಾನೆ, ಮತ್ತೊಬ್ಬಳು ಹೊಟ್ಟೆ ಒತ್ತಿ ನೋಡುತ್ತಾಳೆ. ಒಂದೇ ಪ್ರಶ್ನೆಗೆ ರೋಗಿ ಮೂರು ಬಾರಿ ಉತ್ತರಿಸುತ್ತಾನೆ.

ಇಲ್ಲೊಂದು ನೈತಿಕ ಪ್ರಶ್ನೆಯಿದೆ. ಗುಣವಾಗಲು ಬಂದವನ ದೇಹವನ್ನು ತನ್ನ ಕಲಿಕೆಗೆ ಬಳಸಿಕೊಳ್ಳುವ ಹಕ್ಕು ವಿದ್ಯಾರ್ಥಿಗೆ ಎಲ್ಲಿಂದ ಬಂತು? ಇಂದಿನ ರೋಗಿ ಸಹಕರಿಸದಿದ್ದರೆ ನಾಳಿನ ರೋಗಿಗೆ ವೈದ್ಯನೇ ಇರಲಾರನೆಂಬುದು ನಿಜ. ಆದರೆ ಹಣವುಳ್ಳವನು ಖಾಸಗಿ ಕೊಠಡಿಯ ಬಾಗಿಲನ್ನು ಮುಚ್ಚಿಕೊಳ್ಳಬಲ್ಲ. ಕಲಿಕೆಯ ಭಾರವನ್ನು ಹೊರುವವನು ಹೆಚ್ಚಾಗಿ ಬಡವನೇ. ಆದುದರಿಂದ ಇದನ್ನು ಹಕ್ಕೆನ್ನಲಾಗದು, ಇದು ಋಣ.

ಈ ಋಣವನ್ನು ಅರಿತುಕೊಳ್ಳುವಲ್ಲಿಯೇ ವೈದ್ಯನ ವ್ಯಕ್ತಿತ್ವ ರೂಪುಗೊಳ್ಳುತ್ತದೆ. ನಾಲ್ಕೂವರೆ ವರ್ಷಗಳ ವ್ಯಾಸಂಗ ಹಾಗೂ ಒಂದು ವರ್ಷದ ಇಂಟರ್ನ್‌ಶಿಪ್ ಪದವಿಯನ್ನು ತಂದುಕೊಡುತ್ತವೆ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನಗಳ ಪಾಠಗಳೂ ಸೇರಿವೆ. ಇದು ಸ್ವಾಗತಾರ್ಹ. ಆದರೂ ತರಗತಿಯಲ್ಲಿ ಕಲಿತದ್ದನ್ನು ವಾರ್ಡು ಅಳಿಸಿಹಾಕಬಲ್ಲದು. ಹಿರಿಯರು ರೋಗಿಯನ್ನು ‘ಹನ್ನೆರಡನೆಯ ಬೆಡ್’ ಎಂದರೆ ಕಿರಿಯರೂ ಹಾಗೆಯೇ ಕರೆಯುತ್ತಾರೆ. ಕ್ರಮೇಣ ಹೆಸರು ಮರೆತುಹೋಗಿ ಸಂಖ್ಯೆಯಷ್ಟೇ ಉಳಿಯುತ್ತದೆ.

ಕೊರಳಲ್ಲಿ ಸ್ಟೆತೊಸ್ಕೋಪ್ ಕಂಡೊಡನೆ ಜನರು ‘ಡಾಕ್ಟರೇ’ ಎಂದು ಕೈಮುಗಿಯುತ್ತಾರೆ. ಆಗ ‘ನಾನಿನ್ನೂ ವಿದ್ಯಾರ್ಥಿ, ತಮ್ಮನ್ನು ಪರೀಕ್ಷಿಸಬಹುದೇ?’ ಎಂದು ಕೇಳಲು ವಿನಯವೂ ಬೇಕು, ಧೈರ್ಯವೂ ಬೇಕು. ‘ಬೇಡ’ ಎನ್ನುವ ಸ್ವಾತಂತ್ರ್ಯವನ್ನು ರೋಗಿಗೆ ಮರಳಿ ಕೊಡುವ ಮಾತದು. ಅಂಧ ಬಾರ್ತಿಮಾಯನ ಕೊರತೆ ಎಲ್ಲರಿಗೂ ಕಾಣುವಂತಿದ್ದರೂ ಯೇಸುಸ್ವಾಮಿ ಮೊದಲು ಅವನ ಇಚ್ಛೆಯನ್ನೇ ಕೇಳಿದರು, ಬಳಿಕ ಗುಣಪಡಿಸಿದರು.

ನಮ್ಮ ಮಕ್ಕಳು ವೈದ್ಯಕೀಯ ಕಾಲೇಜಿಗೆ ಸೇರಿದಾಗ ನಾವು ಹೆಮ್ಮೆಪಡುತ್ತೇವೆ, ರಜೆಗೆ ಬಂದಾಗ ಅಂಕಗಳನ್ನು ವಿಚಾರಿಸುತ್ತೇವೆ. ಅದರೊಂದಿಗೆ ಮತ್ತೊಂದು ಪ್ರಶ್ನೆಯನ್ನೂ ಕೇಳೋಣ: ‘ನಿನಗೆ ಪಾಠ ಕಲಿಸಿದ ರೋಗಿಗೆ ಕೃತಜ್ಞತೆ ಹೇಳಿದೆಯಾ ಮಗು?’ ಗುರುವನ್ನು ಸಂಖ್ಯೆಯಿಂದ ಕರೆಯುವ ಶಿಷ್ಯನನ್ನು ನಮ್ಮ ನಾಡು ಎಂದೂ ಮೆಚ್ಚಿಲ್ಲ. ನಾವೂ ಒಂದು ದಿನ ಆ ಹಾಸಿಗೆಯ ಮೇಲೆ ಮಲಗಬೇಕಾದವರೇ. ಅಂದು ನಮ್ಮ ಬಳಿ ನಿಲ್ಲುವ ವೈದ್ಯರು ಇಂದು ನಮ್ಮ ಮನೆಗಳಲ್ಲಿಯೇ ರೂಪುಗೊಳ್ಳುತ್ತಿದ್ದಾರೆ.