‘ಹೋಯ್ತು’

ಕಪ್ಪು ಪರದೆ. ಎಡಗಡೆ ‘ಮೈಎಸ್‌ಕ್ಯುಎಲ್’ ಅನ್ನುವ ಹೆಸರು, ಪಕ್ಕದಲ್ಲಿ ಒಂದು ಬಾಣದ ಗುರುತು, ಆಮೇಲೆ ಮಿಣುಕುತ್ತಾ ಕೂತಿರುವ ಒಂದು ಗೀಟು. ಹತ್ತು ಹನ್ನೆರಡು ವರ್ಷದಿಂದ ನನ್ನ ಅನ್ನ ಹುಟ್ಟುವುದು ಆ ಗೀಟಿನ ಮುಂದೆ. ಬೇರೆಯವರ ಕಂಪ್ಯೂಟರಿನಲ್ಲಿ ಬಟನ್ ಇರುತ್ತೆ, ಒತ್ತಿದರೆ ‘ಖಂಡಿತಾನಾ?’ ಅಂತ ಕೇಳುವ ಪುಟ್ಟ ಕಿಟಕಿ ಇರುತ್ತೆ. ಇಲ್ಲಿ ಅದೇನೂ ಇಲ್ಲ. ಒಂದು ವಾಕ್ಯ ಬರೀಬೇಕು, ಕೊನೆಗೆ ಅರ್ಧವಿರಾಮ ಹಾಕಿ ಎಂಟರ್ ಒತ್ತಬೇಕು. ವಾಕ್ಯ ಮುಗಿಯುವುದೂ ಕೆಲಸ ಆಗುವುದೂ ಒಟ್ಟಿಗೇ.

ಈ ಕೆಲಸದ ಪರಿಚಯ ಇಲ್ಲದವರು ಟೇಬಲ್ ಅಂದರೆ ಒಂದು ದೊಡ್ಡ ಲೆಡ್ಜರ್ ಅಂದುಕೊಳ್ಳಿ. ಒಬ್ಬೊಬ್ಬರಿಗೆ ಒಂದೊಂದು ಅಡ್ಡಸಾಲು. ಲೆಡ್ಜರ್ ಆದರೆ ಒಬ್ಬನ ಸಾಲು ತಿದ್ದುವಾಗ ಪೆನ್ನು ಆ ಸಾಲಿನ ಮೇಲೇ ಇರುತ್ತೆ, ಉಳಿದವರಿಗೆ ಏನೂ ಆಗಲ್ಲ. ಕಮಾಂಡ್ ಲೈನಿನಲ್ಲಿ ಮಾತ್ರ ಪೆನ್ನು ಯಾವಾಗಲೂ ಎಲ್ಲ ಸಾಲುಗಳ ಮೇಲೂ ಇರುತ್ತೆ. ‘ಇಂಥವರದು ಮಾತ್ರ’ ಅಂತ ನಾವಾಗಿ ಹೇಳಬೇಕು. ಹಾಗೆ ಹೇಳುವ ಪದ ‘ವೇರ್’.

ಆರೇಳು ವರ್ಷದ ಹಿಂದಿನ ಮಾತು. ಪಿಯುಸಿ ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಟ್ರಸ್ಟಿನ ಡೇಟಾಬೇಸನ್ನು ನಾನಿದ್ದ ಸಣ್ಣ ಕಂಪನಿ ನೋಡಿಕೊಳ್ಳುತ್ತಿತ್ತು. ಅರ್ಜಿಗಳು ಕಾಗದದಲ್ಲಿ ಬರುತ್ತಿದ್ದವು. ತುಮಕೂರಿನ ಅವರ ಆಫೀಸಿನಲ್ಲಿ ಒಬ್ಬರು ಮೇಡಂ ಕೂತು ಅವನ್ನೆಲ್ಲ ಟೈಪ್ ಮಾಡುತ್ತಿದ್ದರು: ಹೆಸರು, ತಂದೆಯ ಹೆಸರು, ಕಾಲೇಜು, ಬ್ಯಾಂಕ್ ಖಾತೆ ಸಂಖ್ಯೆ. ಒಮ್ಮೆ ಮಂಜೂರಾದ ಅರ್ಜಿಯನ್ನು ಅವರ ಸ್ಕ್ರೀನಿನಿಂದ ತಿದ್ದಲು ಬರುತ್ತಿರಲಿಲ್ಲ. ಅಂಥದ್ದು ಬಂದರೆ ಬೆಂಗಳೂರಿಗೆ, ನನಗೆ, ಫೋನ್.

ಒಂದು ಬುಧವಾರ ಸಂಜೆ ಐದೂಮುಕ್ಕಾಲಿಗೆ ಹಾಗೆ ಫೋನ್ ಬಂತು. ‘ಒಬ್ಬ ಹುಡುಗನ ಖಾತೆ ನಂಬರಲ್ಲಿ ಒಂದು ಅಂಕಿ ತಪ್ಪಾಗಿದೆ ಸರ್, ಒಂಚೂರು ಸರಿ ಮಾಡಿಕೊಡಿ.’ ಸರಿ, ‘ಅಪ್‌ಡೇಟ್’ ಅಂತ ಶುರು ಮಾಡಿ, ಖಾತೆ ಸಂಖ್ಯೆ ಇಷ್ಟಾಗಲಿ ಅಂತ ಮೊದಲ ಸಾಲು ಬರೆದೆ. ಎರಡನೇ ಸಾಲಿನಲ್ಲಿ ‘ವೇರ್’ ಹಾಕಿ ಹುಡುಗನ ಅರ್ಜಿ ನಂಬರ್ ಬರೀಬೇಕಿತ್ತು. ಅಷ್ಟರಲ್ಲಿ ಅಭ್ಯಾಸಬಲದಿಂದ ಮೊದಲ ಸಾಲಿನ ಕೊನೆಗೇ ಅರ್ಧವಿರಾಮ ಬಿತ್ತು, ಎಂಟರ್ ಬಿತ್ತು. (ನೋಡಿ, ‘ಬಿತ್ತು’ ಅಂತಲೇ ಬರೆದೆ. ಹಾಕಿದ್ದು ನಾನು.)

‘ಕ್ವೆರಿ ಓಕೆ, 1846 ರೋಸ್ ಅಫೆಕ್ಟೆಡ್.’ ಅದರ ಕೆಳಗೆ ಇನ್ನೊಂದು ಸಾಲು: ‘ರೋಸ್ ಮ್ಯಾಚ್ಡ್: 1846, ಚೇಂಜ್ಡ್: 1846, ವಾರ್ನಿಂಗ್ಸ್: 0.’

ಆ ಸೊನ್ನೆಯನ್ನು ಎಷ್ಟು ಹೊತ್ತು ನೋಡುತ್ತಾ ಕೂತಿದ್ದೆನೋ ಗೊತ್ತಿಲ್ಲ. 1846 ಮಕ್ಕಳಿಗೂ ಈಗ ಒಂದೇ ಖಾತೆ ಸಂಖ್ಯೆ, ಆ ಹುಡುಗನದು. ಯಂತ್ರದ ದೃಷ್ಟಿಯಲ್ಲಿ ಎಚ್ಚರಿಸುವಂಥದ್ದೇನೂ ನಡೆದಿರಲಿಲ್ಲ. ವಾಪಸ್ ತಗೊಳ್ಳುವ ದಾರಿಯೇ ಇಲ್ಲ ಅಂತಲ್ಲ. ಮೊದಲು ‘ಸ್ಟಾರ್ಟ್ ಟ್ರಾನ್ಸಾಕ್ಷನ್’ ಅಂತ ಹೇಳಿದ್ದರೆ ಆಮೇಲೆ ‘ರೋಲ್‌ಬ್ಯಾಕ್’ ಅನ್ನಬಹುದಿತ್ತು. ಹೇಳದೇ ಇದ್ದರೆ ಪ್ರತಿ ವಾಕ್ಯವೂ ಆಡಿದ ಕೂಡಲೇ ಕಾಯಂ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು.

ರಾತ್ರಿ ಎರಡು ಗಂಟೆಗೆ ಟೇಬಲ್‌ಗಳ ನಕಲು ತೆಗೆದಿಡುವ ಏರ್ಪಾಡು ಇತ್ತು, ಬಚಾವ್. ಹಿಂದಿನ ರಾತ್ರಿಯ ನಕಲಿನಿಂದ ಖಾತೆ ಸಂಖ್ಯೆಗಳನ್ನಷ್ಟೇ ಎತ್ತಿ 1775 ಸಾಲು ಸರಿ ಮಾಡಿದೆ. ಉಳಿದ 71 ಅರ್ಜಿಗಳು ಮೇಡಂ ಅವತ್ತೇ ಬೆಳಿಗ್ಗೆಯಿಂದ ಟೈಪ್ ಮಾಡಿದ್ದವು, ನಕಲಿನಲ್ಲಿ ಇರಲಿಲ್ಲ. ಆ 71ರ ಖಾತೆ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟೆ.

ನಮ್ಮ ಸೀನಿಯರ್ ಒಳ್ಳೆಯವರು. ಬೈಯಲಿಲ್ಲ. ‘ತಲೆ ಕೆಡಿಸ್ಕೋಬೇಡ ಮಾರಾಯ, ಎಲ್ರಿಗೂ ಒಂದ್ಸಲ ಆಗುತ್ತೆ. ಸರ್ವರ್ ಪ್ರಾಬ್ಲಂ ಆಗಿ ಸ್ವಲ್ಪ ಡೇಟಾ ಹೋಯ್ತು ಅಂತ ಹೇಳ್ಬಿಡು’ ಅಂದರು. ಹಾಗೇ ಹೇಳಿದೆ. ಮೇಡಂ ನಕ್ಕರು. ‘ನಮ್ಮೂರ ಕರೆಂಟ್ ಥರ ಬಿಡಿ ಸರ್’ ಅಂದರು. ಮಾರನೆಯ ದಿನ ಊಟದ ಹೊತ್ತಿಗೆ 71 ಅರ್ಜಿಗಳನ್ನೂ ಮತ್ತೆ ತೆಗೆದು ನಂಬರ್ ತುಂಬಿಸಿ, ‘ಸ್ವಲ್ಪ ಲೇಟಾಯ್ತು ಸರ್, ಸಾರಿ’ ಅಂತ ಮೆಸೇಜ್ ಹಾಕಿದ್ದರು. ಸಾರಿ ಕೇಳಿದ್ದು ಅವರು.

ಕನ್ನಡದ ಈ ‘ಹೋಯ್ತು’ ಬಗ್ಗೆ ನನಗೆ ಆವಾಗಿನಿಂದ ಒಂದು ಗುಮಾನಿ. ‘ಒಡೆದೆ’ ಅನ್ನುವುದರ ಪಕ್ಕದಲ್ಲೇ ‘ಒಡೆದುಹೋಯ್ತು’ ಕಾದು ನಿಂತಿರುತ್ತೆ. ಕಳೆದೆ, ಕಳೆದುಹೋಯ್ತು. ಮರೆತೆ, ಮರೆತುಹೋಯ್ತು. ಅಳಿಸಿದೆ, ಅಳಿಸಿಹೋಯ್ತು. ಕರ್ತೃ ಎದ್ದು ಹೋಗಿರುತ್ತಾನೆ, ಕೆಲಸ ಮಾತ್ರ ತಾನಾಗಿ ನಡೆದಿರುತ್ತೆ. ಸುಳ್ಳು ಅನ್ನಲೂ ಆಗಲ್ಲ, ಡೇಟಾ ಹೋಗಿದ್ದು ನಿಜವೇ ತಾನೆ?

ಹಾಗಂತ ಆ ಪದವನ್ನೇ ಬೈದರೆ ತಪ್ಪಾಗುತ್ತೆ. ಚಿಕ್ಕವನಿದ್ದಾಗ ಅಜ್ಜಿಯ ಉಪ್ಪಿನಕಾಯಿ ಭರಣಿ ಒಡೆದು ಅಳುತ್ತಾ ನಿಂತಿದ್ದೆ. ‘ಹೋಯ್ತು ಬಿಡು, ಕಾಲಿಗೆ ಚುಚ್ಚೀತು, ಈಚೆ ಬಾ’ ಅಂದಿದ್ದಳು. ಅಷ್ಟು ದೊಡ್ಡ ಕ್ಷಮೆ ನನಗೆ ಆಮೇಲೆ ಸಿಕ್ಕಿದ್ದು ಕಡಿಮೆ. ಆದರೆ ಭರಣಿ ಅಜ್ಜಿಯದು. ಕಳಕೊಂಡವರು ಹೇಳಬಹುದಾದ ಮಾತು ಅದು. ಅವತ್ತು ಅವಳು ಬಾಯಿ ತೆಗೆಯುವ ಮುಂಚೆ ನಾನೇ ‘ಹೋಯ್ತು ಬಿಡಜ್ಜಿ’ ಅಂದಿದ್ದರೆ ಬೆನ್ನಿಗೆ ಬೀಳುತ್ತಿತ್ತು, ಬೀಳಲೂಬೇಕಿತ್ತು. ಸೀನಿಯರ್ ನನಗೆ ಹೇಳಿಕೊಟ್ಟಿದ್ದು ಅದನ್ನೇ. ಮೇಡಂ ಬಾಯಲ್ಲಿ ಬರಬೇಕಾದ ಮಾತನ್ನು ನಾನೇ ಮೊದಲು ಆಡಿ ಮುಗಿಸಿದ್ದೆ.

ಇಷ್ಟೆಲ್ಲ ಆ ವಾರ ಹೊಳೆದಿರಲಿಲ್ಲ. ಗುರುವಾರ ನಾನು ಮಾಡಿದ್ದು ಪ್ರಾಯಶ್ಚಿತ್ತ. ಮೈಎಸ್‌ಕ್ಯುಎಲ್‌ನ ಕಮಾಂಡ್ ಲೈನಿಗೆ ‘ಸೇಫ್ ಅಪ್‌ಡೇಟ್ಸ್’ ಅನ್ನುವ ಒಂದು ಆಯ್ಕೆ ಇದೆ. ಅದನ್ನು ಹಾಕಿಕೊಂಡರೆ, ‘ವೇರ್’ ಹಚ್ಚಿ ಇಂಥದ್ದೇ ಸಾಲು ಅಂತ ಗುರುತು ಹೇಳದೆ, ಇಲ್ಲವೇ ಇಷ್ಟೇ ಸಾಲು ಅಂತ ಮಿತಿ ಹಾಕದೆ, ಬರೀ ‘ಅಪ್‌ಡೇಟ್’, ‘ಡಿಲೀಟ್’ ಅಂದರೆ ಅದು ಒಪ್ಪಲ್ಲ. ಇದೇ ಆಯ್ಕೆಗೆ ಮಾಡಿದವರೇ ಇಟ್ಟ ಇನ್ನೊಂದು ಹೆಸರು ‘ಐ ಆಮ್ ಎ ಡಮ್ಮಿ’. ನಾನೊಬ್ಬ ದಡ್ಡ ಅಂತ ಟೈಪ್ ಮಾಡಿದವರಿಗೆ ರಕ್ಷಣೆ! ತಮಾಷೆಗೆ ಇಟ್ಟದ್ದಿರಬಹುದು, ನಾನು ಬೇಕಂತಲೇ ಆ ಎರಡನೇ ಹೆಸರನ್ನೇ ಟೈಪ್ ಮಾಡಿದೆ. ಇದೇ ಪೈಕಿಯ ಇನ್ನೊಂದು ಕಮಾಂಡ್ ‘ಮೈಎಸ್‌ಕ್ಯುಎಲ್‌ಅಡ್ಮಿನ್’. ಅದರಿಂದ ಇಡೀ ಡೇಟಾಬೇಸನ್ನೇ ಕೆಡವಲು ಹೋದರೆ, ಇದು ಬಹಳ ಕೆಟ್ಟ ಕೆಲಸ ಆದೀತು, ಎಲ್ಲ ನಾಶವಾಗುತ್ತೆ, ನಿಜವಾಗಲೂ ಮಾಡಬೇಕಾ ಅಂತ ಕೇಳುತ್ತೆ. ಅದೇ ಡೇಟಾಬೇಸನ್ನು ಬಾಣದ ಗುರುತಿನ ಮುಂದೆ ಕೂತು ‘ಡ್ರಾಪ್’ ಅಂದರೆ ಚಕಾರ ಎತ್ತಲ್ಲ. ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರು, ಒಬ್ಬನಿಗೆ ಮಾತ್ರ ನಮ್ಮ ಮೇಲೆ ಅನುಮಾನ.

ಕೇಳುವ ಯಂತ್ರ ಒಳ್ಳೆಯದಾ, ಕೇಳದ ಯಂತ್ರ ಒಳ್ಳೆಯದಾ? ದಿನಕ್ಕೆ ನಲವತ್ತು ಸಲ ‘ಖಂಡಿತಾನಾ?’ ಅಂತ ಕೇಳಿದರೆ ನಲವತ್ತೊಂದನೇ ಸಲ ಬೆರಳು ಓದದೇ ‘ಹೂಂ’ ಅಂದಿರುತ್ತೆ. ತಪ್ಪು ತಡೆಯುವುದರಲ್ಲಿ ಯಂತ್ರಕ್ಕೆ ಪಾಲಿರಬೇಕು ಅನ್ನುವುದು ಒಪ್ಪತಕ್ಕ ಮಾತೇ. ಆದರೆ ತಪ್ಪಾದ ಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಯಾವ ಆಯ್ಕೆಯೂ ಇಲ್ಲ.

ಆಯ್ಕೆ ಹಾಕಿಕೊಂಡೆ, ಪಾಠ ಕಲಿತೆ, ಇನ್ನು ಇದು ನನಗೂ ನನ್ನ ಮನಸ್ಸಿಗೂ ಬಿಟ್ಟ ವಿಷಯ ಅಂದುಕೊಂಡೆ. ತಪ್ಪೊಪ್ಪಿಗೆ ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಗಾಂಧಿಯ ಕತೆ. ಅಣ್ಣನ ಸಾಲ ತೀರಿಸಲು ಅವನ ಕಡಗದಿಂದ ಚೂರು ಚಿನ್ನ ಕದ್ದ ಹುಡುಗ ಚೀಟಿ ಬರೆದು, ಕಾಯಿಲೆ ಬಿದ್ದಿದ್ದ ಅಪ್ಪನ ಕೈಗೆ ಕೊಡುತ್ತಾನೆ. ಅಪ್ಪ ಓದುತ್ತಾರೆ, ಅಳುತ್ತಾರೆ, ಚೀಟಿ ಹರಿದು ಹಾಕುತ್ತಾರೆ. ಅದನ್ನು ಓದಿ ಬೆಳೆದ ನನಗೆ ತಪ್ಪೊಪ್ಪಿಗೆ ಅಂದರೆ ಮಾಡಿದವನ ಎದೆ ಹಗುರಾಗುವ ಕೆಲಸ. ನನ್ನ ಎದೆ ಹೇಗೂ ಅಷ್ಟೇನೂ ಭಾರ ಇರಲಿಲ್ಲ. ಹಾಗಾಗಿ ಹೇಳುವ ಅಗತ್ಯವೂ ಕಾಣಲಿಲ್ಲ.

ಶನಿವಾರ ರಾತ್ರಿ ಹಲ್ಲುಜ್ಜುವಾಗ ಫಕ್ಕನೆ ಹೊಳೆಯಿತು. ಬುಧವಾರ ಮೇಡಂ ಹೊಸ ಅರ್ಜಿಗಳನ್ನು ಮಾತ್ರ ಟೈಪ್ ಮಾಡಿರಲಿಲ್ಲ. ಇನ್ನೂ ಮಂಜೂರಾಗದ ಹಳೇ ಅರ್ಜಿಗಳಲ್ಲೂ ತಪ್ಪು ತಿದ್ದುತ್ತಿರುತ್ತಾರೆ. ಮಕ್ಕಳ ಕೈಬರಹದಲ್ಲಿ ಒಂದು ಏಳಿನಂತೆ ಕಾಣುತ್ತೆ, ಕಾಲೇಜಿನವರು ಫೋನ್ ಮಾಡಿ ಹೇಳುತ್ತಾರೆ, ಇವರು ಸರಿ ಮಾಡುತ್ತಾರೆ. ಬುಧವಾರ ಹಾಗೆ ತಿದ್ದಿದ್ದೆಲ್ಲ ನಾನು ಮಂಗಳವಾರ ರಾತ್ರಿಯ ನಕಲಿನಿಂದ ‘ಸರಿ’ ಮಾಡುವಾಗ ಹಳೇ ತಪ್ಪಿಗೇ ವಾಪಸ್ ಹೋಗಿದೆ. ಈ ಸಾಲುಗಳು ಖಾಲಿ ಇಲ್ಲ. ತುಂಬಿವೆ, ನೋಡಲು ಸರಿಯಾಗೇ ಇವೆ. ಯಾವುವು ಅಂತ ಹುಡುಕಲು ‘ಕೊನೆಯ ಸಲ ತಿದ್ದಿದ ಸಮಯ’ ಅನ್ನುವ ಕಾಲಂ ಇತ್ತು. ಆದರೆ ನನ್ನ ಆ ಒಂದು ವಾಕ್ಯ 1846 ಸಾಲಿನಲ್ಲೂ ಅದನ್ನು ಒಂದೇ ಮಾಡಿತ್ತು: 17:48. ಬದಲಾವಣೆಗಳನ್ನೆಲ್ಲ ಬರೆದಿಡುವ ಲಾಗನ್ನು ಆ ಸರ್ವರಿನಲ್ಲಿ ಯಾರೂ ಆನ್ ಮಾಡಿರಲಿಲ್ಲ.

ಯಾವ ಸಾಲುಗಳು ಅಂತ ಗೊತ್ತಿದ್ದದ್ದು ಜಗತ್ತಿನಲ್ಲಿ ಒಬ್ಬರಿಗೆ. ಅವರಿಗೆ ‘ಸ್ವಲ್ಪ ಡೇಟಾ ಹೋಯ್ತು’ ಅಂತ ಹೇಳಿದ್ದೆ. ‘ಎಲ್ಲರ ಖಾತೆ ನಂಬರನ್ನೂ ನಾನು ಅಳಿಸಿ, ಮಂಗಳವಾರದ್ದನ್ನು ವಾಪಸ್ ಹಾಕಿದ್ದೇನೆ’ ಅಂದಿದ್ದರೆ, ‘ಹಾಗಾದ್ರೆ ನಾನು ಬೆಳಿಗ್ಗೆ ತಿದ್ದಿದ್ದು?’ ಅಂತ ಮೇಡಂ ಅಲ್ಲೇ ಕೇಳಿರುತ್ತಿದ್ದರು. ಕಂಪ್ಯೂಟರ್ ಗೊತ್ತಿರಬೇಕಾದ ಪ್ರಶ್ನೆಯೇನಲ್ಲ ಅದು. ನನ್ನ ವಾಕ್ಯದಲ್ಲಿ ಕರ್ತೃ ಇಲ್ಲದಿದ್ದದ್ದಕ್ಕೆ ಅವರಿಗೆ ಆ ಪ್ರಶ್ನೆ ಹುಟ್ಟಲು ಜಾಗವೇ ಇರಲಿಲ್ಲ.

ಭಾನುವಾರ ಪೂರ್ತಿ, ಅವತ್ತು ಅವರು ಏನೂ ತಿದ್ದಿರಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಸೋಮವಾರ ಬೆಳಿಗ್ಗೆ ಎಲ್ಲ ಅರ್ಜಿಗಳೂ ಮಂಜೂರಾಗಿದ್ದವು. ತಲಾ ಮೂರು ಸಾವಿರ ರೂಪಾಯಿಯ ಪಾವತಿ ಪಟ್ಟಿ ಹನ್ನೊಂದು ಗಂಟೆಗೆ ಬ್ಯಾಂಕಿಗೆ ಹೋಯ್ತು. ಅಲ್ಲ, ಕಳಿಸಿದ್ದು ನಾನೇ. ನೆಫ್ಟ್‌ನಲ್ಲಿ ಖಾತೆ ಸಂಖ್ಯೆಯೊಂದನ್ನೇ ನೋಡಿ ದುಡ್ಡು ಹಾಕಬಹುದು, ಹೆಸರು ತಾಳೆ ನೋಡಬೇಕಂತಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ಓದಿದಾಗ ನನಗೆ ಆ ಸೋಮವಾರ ನೆನಪಾಗಿತ್ತು. ಅವರ ಡೇಟಾಬೇಸ್ ಎರಡು ಯಂತ್ರಗಳಲ್ಲಿತ್ತು, ಒಂದು ಅಸಲು, ಒಂದು ನಕಲು. ತಡರಾತ್ರಿಯವರೆಗೆ ಕೂತಿದ್ದ ಎಂಜಿನಿಯರ್ ಒಬ್ಬರು ನಕಲಿನದು ಅಂದುಕೊಂಡು ಅಸಲಿನ ಫೋಲ್ಡರನ್ನೇ ಅಳಿಸುವ ಕಮಾಂಡ್ ಕೊಟ್ಟರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ. ದಿನಾ ಆಗಬೇಕಿದ್ದ ಬ್ಯಾಕಪ್ ನೋಡಿದರೆ, ಅದು ಆಗುತ್ತಲೇ ಇರಲಿಲ್ಲ. ಆಗುತ್ತಿಲ್ಲ ಅಂತ ತಿಳಿಸಬೇಕಿದ್ದ ಈಮೇಲ್‌ಗಳೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಕೆಲಸಕ್ಕೆ ಅಂತ ಆರು ಗಂಟೆ ಮುಂಚೆ ತೆಗೆದಿದ್ದ ಒಂದು ನಕಲು ಸಿಕ್ಕಿತು, ಅದರಿಂದ ಉಳಿದುಕೊಂಡರು. ಆ ಆರು ಗಂಟೆಯ ಡೇಟಾ ಮಾತ್ರ ಮತ್ತೆ ಸಿಗಲಿಲ್ಲ. ನನ್ನ ಮನಸ್ಸಿನಲ್ಲಿ ನಿಂತದ್ದು ಇದಲ್ಲ. ಬೆಂಕಿ ಇನ್ನೂ ಉರಿಯುತ್ತಿರುವಾಗಲೇ, ಯಾರು ಯಾವ ಯಂತ್ರದಲ್ಲಿ ಯಾವ ಕಮಾಂಡ್ ಕೊಟ್ಟರು ಅನ್ನುವುದನ್ನು ಯಾರು ಬೇಕಾದರೂ ಓದುವ ಹಾಗೆ ಬರೆದು ಹಾಕಿದರು. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ಲೈವ್ ತೋರಿಸಿದರು. ಎದೆ ಹಗುರ ಮಾಡಿಕೊಳ್ಳಲು ಅವರಿಗೆ ಪುರುಸೊತ್ತೆಲ್ಲಿತ್ತು? ಏನಾಯಿತು ಅಂತ ಸರಿಯಾಗಿ ಗೊತ್ತಿದ್ದವರಿಗೆ ಮಾತ್ರ ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ, ಅದಕ್ಕೆ ಬರೆದರು. ಆ ಎಂಜಿನಿಯರಿನ ಹೆಸರನ್ನು ಆಮೇಲಿನ ವರದಿಯಲ್ಲಿ ಹಾಕಲಿಲ್ಲ. ಕರ್ತೃವನ್ನು ಹೇಳುವುದು ಬೇರೆ, ಕಂಬಕ್ಕೆ ಕಟ್ಟುವುದು ಬೇರೆ ಅಂತ ಅವರಿಗೆ ತಿಳಿದಿತ್ತು. ನಮ್ಮ ಸೀನಿಯರಿಗೆ ಈ ವ್ಯತ್ಯಾಸ ಗೊತ್ತಿದ್ದರೆ ನನ್ನನ್ನು ಕಾಪಾಡಲು ಅವರು ಸರ್ವರನ್ನು ಮುಂದೆ ಮಾಡಬೇಕಿರಲಿಲ್ಲ.

ಮಂಗಳವಾರ ಫೋನ್ ಮಾಡಿದೆ. ‘ಮೇಡಂ, ಅವತ್ತು ಸರ್ವರ್ ಏನೂ ಆಗಿರಲಿಲ್ಲ. ನಾನು ಅಳಿಸಿದೆ’ ಅಂತ ಶುರು ಮಾಡಿ ಎಲ್ಲ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಎಂಟೋ ಒಂಬತ್ತೋ ತಿದ್ದಿದ್ದೆ ಸರ್ ಅವತ್ತು. ಚೀಟೀಲಿ ಬರ್ಕೊಂಡಿರ್ತೀನಿ. ಶನಿವಾರ ಟೇಬಲ್ ಕ್ಲೀನ್ ಮಾಡುವಾಗ ವಾರದ ಚೀಟಿಗಳನ್ನೆಲ್ಲ ಹರಿದು ಹಾಕ್ತೀನಲ್ಲಾ’ ಅಂದರು. ಮತ್ತೆ, ಬೈಗುಳದ ದನಿಯಲ್ಲೇನೂ ಅಲ್ಲ, ‘ಶುಕ್ರವಾರನಾದ್ರೂ ಹೇಳಿದ್ರೆ ಇತ್ತು’ ಅಂದರು.

‘ಹೋಯ್ತು ಬಿಡಿ’ ಅನ್ನಲಿಲ್ಲ. ನಾನು ಕಾಯುತ್ತಿದ್ದೆ.

ಅವರು ನೆನಪಿನಿಂದ ಎರಡು ಕಾಲೇಜಿನ ಹೆಸರು ಹೇಳಿದರು. ಆ ಕಾಲೇಜುಗಳಿಗೆ ನಾನೇ ಫೋನ್ ಮಾಡಿದೆ. ಅಲ್ಲಿನ ಗುಮಾಸ್ತರಿಗೆ ಯಾವ ಹುಡುಗ, ಯಾವ ಹುಡುಗಿ ಅಂತ ನೆನಪಿರಲಿಲ್ಲ. ಆ ವಾರದ ಕೊನೆಗೆ, ಖಾತೆ ಇಲ್ಲ ಅಂತ ಬ್ಯಾಂಕಿನಿಂದ ವಾಪಸ್ ಬಂದ ಪಾವತಿಗಳ ಪಟ್ಟಿ ಬಂತು. ಮೇಡಂ ಒಂದೊಂದೇ ಅರ್ಜಿ ತೆಗೆದು ನಂಬರ್ ಸರಿ ಮಾಡಿಸಿದರು, ದುಡ್ಡು ಮತ್ತೆ ಕಳಿಸಿದೆವು. ಆ ಪಟ್ಟಿಯಲ್ಲಿ ಆರು ಹೆಸರಿದ್ದವು.