ಸೂರ್ಯನ ಋಣ, ತಂತಿಯ ಋಣ

ತುಮಕೂರಿನ ಮರಳೂರಿನಲ್ಲಿ ತಾರಸಿಯ ಮೇಲೆ ಮೂರು ಕಿಲೋವ್ಯಾಟಿನ ಸೌರಫಲಕಗಳನ್ನು ಹಾಸಿ, ಪಿಎಂ ಸೂರ್ಯಘರ್ ಯೋಜನೆಯ 78,000 ರೂಪಾಯಿಗಳ ಸಹಾಯಧನವನ್ನೂ ಪಡೆದ ಗೃಹಸ್ಥನು, ಹಗಲು ಮಿಕ್ಕ ವಿದ್ಯುತ್ತನ್ನು ಬೆಸ್ಕಾಂ ತಂತಿಗೆ ಹರಿಯಿಸಿ, ಇರುಳಿನಲ್ಲಿ ಅದೇ ತಂತಿಯಿಂದ ಬೇಕಾದಷ್ಟನ್ನು ಪಡೆದು, ತಿಂಗಳ ಕೊನೆಗೆ ಕೊಟ್ಟದ್ದೂ ಕೊಂಡದ್ದೂ ಸರಿದೂಗಿದುದನ್ನು ಕಂಡಾಗ, ತಾನಿನ್ನು ಸೂರ್ಯನೊಬ್ಬನಿಗೆ ಹೊರತು ಮತ್ತಾರಿಗೂ ಋಣಿಯಲ್ಲವೆಂದು ಭಾವಿಸುವುದು ಸಹಜವೇ ಸರಿ. ಆ ಭಾವವು ಧರ್ಮದ ದೃಷ್ಟಿಯಿಂದ ನಿಲ್ಲತಕ್ಕುದೇ ಎಂಬುದು ನನ್ನ ಪ್ರಶ್ನೆ.

ಯೂನಿಟ್ಟಿನ ಲೆಕ್ಕ ಶೂನ್ಯವಾದರೂ ಬಿಲ್ಲು ಶೂನ್ಯವಾಗದು. ನಿಗದಿತ ಶುಲ್ಕವು ಉಳಿದೇ ಉಳಿಯುತ್ತದೆ. 2025ರ ಏಪ್ರಿಲ್ ತಿಂಗಳಿನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೃಹಬಳಕೆಯ ಯೂನಿಟ್ಟಿನ ದರವನ್ನು 5.90ರಿಂದ 5.80 ರೂಪಾಯಿಗೆ ಇಳಿಸಿ, ಕಿಲೋವ್ಯಾಟೊಂದಕ್ಕೆ ತೆರಬೇಕಾದ ನಿಗದಿತ ಶುಲ್ಕವನ್ನು 120ರಿಂದ 145ಕ್ಕೆ ಏರಿಸಿತು. ಇದಕ್ಕೆ ತಾರಸಿಯ ಸೌರಶಕ್ತಿಯೊಂದೇ ಕಾರಣವೆಂದು ಹೇಳಲಾಗದು. ಆದರೆ ಉಪಭೋಗದ ಬೆಲೆ ಕುಗ್ಗಿ ತಂತಿಯೊಡನೆಯ ಸಂಬಂಧದ ಬೆಲೆ ಹಿಗ್ಗುತ್ತಿರುವುದು ಸ್ಪಷ್ಟ.

ಕೆರೆಯಿರುವ ಊರಿಗೆ ತಂತಿಯ ಈ ಋಣವನ್ನು ಬಹಳ ವಿವರಿಸಬೇಕಾಗಿಲ್ಲ. ಮಳೆ ದೇವರದಾದರೂ ಏರಿಯನ್ನು ಕಟ್ಟಿದವರು, ತೂಬನ್ನು ಕಾಯ್ದವರು ಮನುಷ್ಯರು. ಸ್ವಂತ ಬಾವಿಯನ್ನು ತೋಡಿಕೊಂಡವನು, ಬರಗಾಲಕ್ಕೆ ಕೆರೆಯ ನೀರೂ ಬೇಕೆನ್ನುತ್ತ, ನೀರುಗಂಟಿಯ ಪಾಲನ್ನು ಮಾತ್ರ ನಿಲ್ಲಿಸಿದನಾದರೆ, ಆ ಭಾರವು ಬಾವಿಯಿಲ್ಲದವನ ಹೆಗಲಿಗೇ ಬೀಳುತ್ತದೆ. ತಂತಿಯ ವಿಷಯವೂ ಹಾಗೆಯೇ: ಬಾಡಿಗೆಯ ಮನೆಯವರಿಗೆ ತಾರಸಿಯಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಆಶ್ರಯದಲ್ಲಿರುವವರ ಬಿಲ್ಲನ್ನು ಸರಕಾರ ತೆರುತ್ತದೆಯೆಂಬುದು ನಿಜ; ಆ ಹಣವೂ ಎಲ್ಲರ ಬೊಕ್ಕಸದ್ದೇ ಅಲ್ಲವೆ?

ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ ಹರಡಿದ ಸೌರ ಉದ್ಯಾನವು ಭೂಮಿಯುಳ್ಳ ರೈತನಿಗೆ ವರ್ಷವರ್ಷವೂ ಗುತ್ತಿಗೆಯ ಹಣವನ್ನು ಕೊಡುತ್ತದೆ. ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಭೂಹೀನನಿಗೆ ಅದರಲ್ಲಿ ಪಾಲಿಲ್ಲ. ಬಿಸಿಲು ಎಲ್ಲರ ಮೇಲೆ ಸಮವಾಗಿ ಬೀಳುವುದಾದರೂ, ಅದರ ಫಲವು ನೆಲವನ್ನೂ ತಾರಸಿಯನ್ನೂ ಅನುಸರಿಸಿ ನಡೆಯುತ್ತದೆ.

ಸಿದ್ಧಗಂಗೆಯ ಮಠದ ದಾಸೋಹವನ್ನು ಕಂಡು ಬೆಳೆದ ಈ ಸೀಮೆಯವರು, ಮಿಕ್ಕ ವಿದ್ಯುತ್ತನ್ನು ತಂತಿಗಿತ್ತುದೇ ದಾಸೋಹವೆಂದು ಭ್ರಮಿಸಬಾರದು. ಪ್ರತಿಫಲವುಳ್ಳ ಆ ಕ್ರಿಯೆಯು ವ್ಯಾಪಾರವೇ, ನಿಂದ್ಯವಲ್ಲದ ವ್ಯಾಪಾರ. ಋಣವಿರುವುದು ತಂತಿಯಲ್ಲಿ. ಆದುದರಿಂದ ನಿಗದಿತ ಶುಲ್ಕವು ನ್ಯಾಯವಾದುದೆಂದೇ ನಾನು ಒಪ್ಪುತ್ತೇನೆ; ಆದರೆ ಒಂದು ದೀಪ, ಒಂದು ಫ್ಯಾನಿನ ಮನೆಯವನೂ ಹಗಲೆಲ್ಲ ತಂತಿಗೆ ಮಾರಿ ಸಂಜೆಯ ದಟ್ಟಣೆಯ ವೇಳೆಯಲ್ಲಿ ಅದರಿಂದ ಎಳೆದುಕೊಳ್ಳುವವನೂ ಕಿಲೋವ್ಯಾಟಿಗೆ ಒಂದೇ ದರವನ್ನು ತೆರುವುದನ್ನು ಒಪ್ಪಲಾರೆ. ಆ ಸಂಜೆಯ ವೇಳೆಯಲ್ಲಿ ಯಾರು ಎಷ್ಟನ್ನು ಎಳೆಯುತ್ತಾರೆಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಶುಲ್ಕವನ್ನು ಹಂಚಬೇಕು.